ಸುಳ್ಳು ಹೇಳಬಲ್ಲ ಹುಡುಗಿ

ಇಂಗ್ಲಿಷ್ ಪಾಠಗಳಲ್ಲಿ 'ಫೇರಿ' ಎಂಬ ಪದ ಬಂದಾಗಲೆಲ್ಲ ಕಿನ್ನರಿ ಎಂದು ಅರ್ಥ ಹೇಳಿ ಮುಂದೆ ಹೋಗುವುದು ನಮ್ಮಂಥ ಉಪಾಧ್ಯಾಯರ ರೂಢಿ. ಬೆನ್ನಿಗೆ ಎರಡು ತೆಳುವಾದ ರೆಕ್ಕೆ, ಕೈಯಲ್ಲೊಂದು ಮಂತ್ರದ ಕೋಲು, ಕೋಲಿನ ತುದಿಗೊಂದು ನಕ್ಷತ್ರ. ಬಡ ಹುಡುಗಿಗೆ ಒಳ್ಳೆಯ ಉಡುಪು ಕೊಟ್ಟು, ಕುಂಬಳಕಾಯಿಯನ್ನು ಸಾರೋಟು ಮಾಡಿ ಕಳಿಸುವ ದಯಾಮಯಿ. ಮಕ್ಕಳಿಗೆ ಅಷ್ಟು ಸಾಕು, ಪರೀಕ್ಷೆಗಂತೂ ಧಾರಾಳವಾಗಿ ಸಾಕು.

ಆದರೆ ಸ್ಕಾಟ್ಲೆಂಡ್, ಐರ್ಲೆಂಡ್ ಸೀಮೆಯ ಹಳೆಯ ಹಳ್ಳಿಗರನ್ನು ಕೇಳಿದ್ದರೆ ಅವರು ಬೇರೆಯೇ ಕತೆ ಹೇಳುತ್ತಿದ್ದರು. ಗುಡ್ಡದ ಹೊಟ್ಟೆಯೊಳಗೆ ವಾಸ ಮಾಡುವ ಜನ ಅವರು. ತೊಟ್ಟಿಲ ಕೂಸನ್ನು ಕದ್ದು, ಅದರ ಜಾಗದಲ್ಲಿ ತಮ್ಮದೊಂದು ಸೊರಗಿದ ಕೂಸನ್ನು ಮಲಗಿಸಿ ಹೋಗುವವರು. ತಮ್ಮ ಮಕ್ಕಳಿಗೆ ಹಾಲೂಡಿಸಲು ಮನುಷ್ಯರ ಬಾಣಂತಿಯರನ್ನು ಎತ್ತಿಕೊಂಡು ಹೋಗುವವರು. ಹೆಸರೆತ್ತಿ ಕರೆದರೆ ಕೇಡು ಎಂದು ಅವರನ್ನು 'ಒಳ್ಳೆಯ ನೆರೆಯವರು' ಎನ್ನುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಹಾವಿನ ಹೆಸರೆತ್ತದೆ 'ಹುಳ' ಎನ್ನುತ್ತಾರಲ್ಲ, ಹಾಗೆ. ಕಬ್ಬಿಣ, ಉಪ್ಪು, ರೋವನ್ ಎಂಬ ಮರದ ಕೆಂಪು ಹಣ್ಣು ಇವೇ ಅವರಿಂದ ಪಾರಾಗುವ ಉಪಾಯ. ರಾಬರ್ಟ್ ಕರ್ಕ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1691ರಷ್ಟು ಹಿಂದೆಯೇ ಈ ಜನರ ಬಗ್ಗೆ ಒಂದು ಗ್ರಂಥ ಬರೆದಿಟ್ಟ. ಕ್ಯಾಥರೀನ್ ಬ್ರಿಗ್ಸ್ ಎಂಬ ಆಂಗ್ಲ ವಿದುಷಿ 1976ರಲ್ಲಿ ಅವರಿಗಾಗಿ ಒಂದು ನಿಘಂಟನ್ನೇ ಪ್ರಕಟಿಸಿದಳು.

ನಮಗೆ ಈ ಲೋಕ ತೀರ ಅಪರಿಚಿತವೂ ಅಲ್ಲ. ಬ್ರೌನಿಂಗ್ ಕವಿಯ ಪದ್ಯವನ್ನು ಆಧರಿಸಿ ಕುವೆಂಪು ಬರೆದ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಯಾರಿಗೆ ಗೊತ್ತಿಲ್ಲ? ಮಾತಿಗೆ ತಪ್ಪಿದ ಊರಿನ ಮಕ್ಕಳನ್ನೆಲ್ಲ ಜೋಗಿ ಬೆಟ್ಟದೊಳಕ್ಕೆ ಕರೆದುಕೊಂಡು ಹೋಗಿಬಿಡುತ್ತಾನೆ. ಅದನ್ನು ಓದಿಸಿದಾಗಲೆಲ್ಲ ಒಂದು ಮಗುವಾದರೂ ಎದ್ದು ನಿಂತು ಕೇಳುತ್ತದೆ: "ಮಿಸ್, ಒಳಗೆ ಹೋದ ಮಕ್ಕಳು ಆಮೇಲೆ ಏನಾದರು?" ಆ ಪ್ರಶ್ನೆಗೆ ಉತ್ತರ ಎನ್ನುವಂತಿದೆ ಈಗ ನಾನು ಹೇಳಹೊರಟಿರುವ ಕಾದಂಬರಿಮಾಲೆ.

ಬರೆದಾಕೆ ಹಾಲಿ ಬ್ಲ್ಯಾಕ್ ಎಂಬ ಅಮೆರಿಕದ ಲೇಖಕಿ. ಮೂರು ಸಂಪುಟಗಳು: 'ದಿ ಕ್ರೂಯಲ್ ಪ್ರಿನ್ಸ್' (2018), 'ದಿ ವಿಕೆಡ್ ಕಿಂಗ್' (2019), 'ದಿ ಕ್ವೀನ್ ಆಫ್ ನಥಿಂಗ್' (2019). ಹದಿಹರೆಯದವರಿಗೆಂದು ಬರೆದ ಪುಸ್ತಕಗಳು ಇವು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗಳು ರಜೆಗೆ ಬಂದಾಗ ಮೂರನ್ನೂ ತಂದಿದ್ದಳು. ಊಟಕ್ಕೆ ಕರೆದರೂ ಏಳದಂತೆ ಅವಳನ್ನು ಹಿಡಿದಿಟ್ಟಿರುವುದೇನು ಎಂದು ನೋಡಲು ನಾನೂ ಕೈಗೆತ್ತಿಕೊಂಡೆ. ಎರಡು ವಾರದಲ್ಲಿ ಮೂರೂ ಮುಗಿದವು. ಕನ್ನಡಕ ತೆಗೆದಿಟ್ಟ ಮೇಲೂ ಮುಗಿಯದೆ ಉಳಿದ ಕೆಲವು ಮಾತುಗಳಿವೆ. ಅವುಗಳಿಗಾಗಿಯೇ ಈ ಲೇಖನ.

ಮೊದಲು ಕತೆಯ ಎಳೆ. ಏಳು ವರ್ಷದ ಜೂಡ್ ಮನುಷ್ಯಲೋಕದ ಸಾಧಾರಣ ಮನೆಯೊಂದರ ಹುಡುಗಿ. ಒಂದು ದಿನ ಮ್ಯಾಡಕ್ ಎಂಬ ಅಪರಿಚಿತ ಬಾಗಿಲು ತಟ್ಟುತ್ತಾನೆ. ಅವಳ ತಾಯಿ ಹಿಂದೊಮ್ಮೆ ಕಿನ್ನರಲೋಕದಲ್ಲಿ ಈ ಮ್ಯಾಡಕನ ಹೆಂಡತಿಯಾಗಿದ್ದವಳು. ಅವನನ್ನು ಬಿಟ್ಟು, ಕತ್ತಿ ಮಾಡುವ ಕಮ್ಮಾರನೊಬ್ಬನ ಜೊತೆ ಓಡಿಬಂದವಳು. ಮ್ಯಾಡಕ್ ಮಕ್ಕಳ ಕಣ್ಣೆದುರೇ ತಂದೆತಾಯಿ ಇಬ್ಬರನ್ನೂ ಕೊಲ್ಲುತ್ತಾನೆ. ಆಮೇಲೆ ತನ್ನ ಮಗಳಾದ ವಿವಿಯನ್ನಳನ್ನೂ, ಕಮ್ಮಾರನಿಗೆ ಹುಟ್ಟಿದ ಅವಳಿಗಳಾದ ಜೂಡ್ ಮತ್ತು ಟ್ಯಾರಿನ್‌ರನ್ನೂ ಎಲ್ಫೇಮ್ ಎಂಬ ತನ್ನ ರಾಜ್ಯಕ್ಕೆ ಕರೆದೊಯ್ಯುತ್ತಾನೆ. ಹೆಂಡತಿಯ ಮಕ್ಕಳು ತನ್ನ ಜವಾಬ್ದಾರಿ ಎಂಬುದು ಅವನ ಧರ್ಮ! ಹತ್ತು ವರ್ಷ ಅವರು ಅಲ್ಲಿ ಸೇನಾಪತಿಯ ಮಕ್ಕಳಾಗಿ ಬೆಳೆಯುತ್ತಾರೆ. ಅಲ್ಲಿಯವರಿಗೆ ಮುಪ್ಪಿಲ್ಲ, ಸೌಂದರ್ಯಕ್ಕೆ ಮಿತಿಯಿಲ್ಲ, ಮನುಷ್ಯರನ್ನು ಕಂಡರೆ ತಾತ್ಸಾರ. ರಾಜನ ಕಿರಿಯ ಮಗ ಕಾರ್ಡನ್ ಮತ್ತು ಅವನ ಗೆಳೆಯರಿಗೆ ಈ ಅವಳಿಗಳನ್ನು ಪೀಡಿಸುವುದೇ ವಿನೋದ. ಜೂಡ್ ತಲೆ ಬಗ್ಗಿಸುವುದಿಲ್ಲ. ಮೊದಲು ಒಬ್ಬ ರಾಜಕುಮಾರನಿಗೆ ಗೂಢಚಾರಿಣಿಯಾಗುತ್ತಾಳೆ, ಆಮೇಲೆ ಸಿಂಹಾಸನವನ್ನೇ ತಿರುಗಿಸುವ ಕೈಯಾಗುತ್ತಾಳೆ, ಕೊನೆಗೆ ರಾಣಿಯಾಗುತ್ತಾಳೆ. ರಾಜ ಯಾರು ಎಂದರೆ ಅದೇ ಕಾರ್ಡನ್.

ಈ ಲೋಕಕ್ಕೆ ಒಂದು ನಿಯಮವಿದೆ. ಕಿನ್ನರರು ಸುಳ್ಳು ಹೇಳಲಾರರು. ಬಯಸಿದರೂ ನಾಲಿಗೆ ಏಳುವುದಿಲ್ಲ. ಕೊಟ್ಟ ಮಾತನ್ನು ಮುರಿಯಲಾರರು. ಹಾಗೆಂದು ಅವರು ಸತ್ಯಹರಿಶ್ಚಂದ್ರರಲ್ಲ. ನಿಜವನ್ನೇ ತಿರುಚಿ, ಅರ್ಧ ನುಂಗಿ, ಕೇಳಿದ್ದಕ್ಕಲ್ಲದೆ ಕೇಳದ್ದಕ್ಕೆ ಉತ್ತರ ಕೊಟ್ಟು ಎದುರಿನವರನ್ನು ಹಳ್ಳಕ್ಕೆ ಕೆಡವುತ್ತಾರೆ. ಮನುಷ್ಯಳಾದ ಜೂಡಳಿಗೆ ಅಲ್ಲಿ ಮಂತ್ರವಿಲ್ಲ, ದೀರ್ಘಾಯುಷ್ಯವಿಲ್ಲ, ಕುಲವಿಲ್ಲ. ಇರುವುದು ಒಂದೇ ಶಕ್ತಿ: ಅವಳು ಸುಳ್ಳು ಹೇಳಬಲ್ಲಳು.

ಇದನ್ನು ಓದುವಾಗ ನನಗೆ ಗಿರೀಶ ಕಾರ್ನಾಡರ 'ನಾಗಮಂಡಲ' (1988) ನೆನಪಾಯಿತು. ಅಲ್ಲಿ ರಾಣಿ ಪಂಚಾಯಿತಿಯ ಎದುರು ಹುತ್ತದೊಳಕ್ಕೆ ಕೈಯಿಟ್ಟು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿದವಳಲ್ಲ ಎಂದು ಪ್ರಮಾಣ ಮಾಡುತ್ತಾಳೆ. ಅಕ್ಷರಶಃ ನಿಜ. ಆ ನಿಜದೊಳಗೆ ಏನಡಗಿದೆ ಎಂಬುದು ನೋಡುವ ನಮಗೆ ಗೊತ್ತು, ಪಂಚರಿಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಮಾತಿನ ಆ ಸಣ್ಣ ಸಂದಿಯಲ್ಲಿ ಒಬ್ಬ ಹೆಣ್ಣುಮಗಳ ಜೀವ ಉಳಿಯಿತು. ಅಧಿಕಾರವಿಲ್ಲದವರಿಗೆ ಮಾತೇ ಆಯುಧ ಎಂಬುದನ್ನು ಎರಡು ಕೃತಿಗಳೂ ಬಲ್ಲವು. ವ್ಯತ್ಯಾಸ ಇಷ್ಟೆ: ರಾಣಿ ತಿಳಿಯದೆ ಗೆದ್ದಳು, ಜೂಡ್ ತಿಳಿದೇ ಗೆಲ್ಲುತ್ತಾಳೆ. ತಿಳಿದು ಗೆದ್ದವಳು ಕೈಯೂ ಕೊಳೆ ಮಾಡಿಕೊಳ್ಳಬೇಕಾಗುತ್ತದೆ. ಲೇಖಕಿ ಈ ಕೊಳೆಯನ್ನು ಮುಚ್ಚಿಡುವುದಿಲ್ಲ. ಜೂಡ್ ಕೊಲ್ಲುತ್ತಾಳೆ, ಹೆಣ ಹೂಳುತ್ತಾಳೆ, ಮರುದಿನ ಪಾಠಕ್ಕೂ ಹೋಗಬಲ್ಲಳು. ಸುಳ್ಳನ್ನು ಅಭ್ಯಾಸ ಮಾಡಿದವಳಿಗೆ ಕೊನೆಕೊನೆಗೆ ಪ್ರೀತಿಸಿದವನ ಎದುರು ನಿಜ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಗುತ್ತದೆ. ಇದು ನಾನು ಮೆಚ್ಚಿದ ಮೊದಲ ಸಂಗತಿ.

ಎರಡನೆಯದು ಮ್ಯಾಡಕ್. ಈ ಪುಸ್ತಕಗಳನ್ನು ಎಲ್ಲರೂ ಪ್ರೇಮಕತೆ ಎಂದೇ ಓದುತ್ತಾರೆ. ನನಗೆ ಮಾತ್ರ ಇದರ ನಿಜವಾದ ಕತೆ ಒಬ್ಬ ಸಾಕುತಂದೆ ಮತ್ತು ಮಗಳದು ಅನ್ನಿಸಿತು. ಅವನು 'ರೆಡ್‌ಕ್ಯಾಪ್' ಜಾತಿಯವನು. ಸ್ಕಾಟ್ಲೆಂಡ್ ಗಡಿಸೀಮೆಯ ಜನಪದ ನಂಬಿಕೆಯಲ್ಲಿ ಈ ರೆಡ್‌ಕ್ಯಾಪ್ ಕೊಂದವರ ರಕ್ತದಲ್ಲಿ ತನ್ನ ಟೋಪಿ ಅದ್ದಿಕೊಳ್ಳುವ ಪಿಶಾಚಿ. ಅಂಥವನು ಜೂಡಳಿಗೆ ಕತ್ತಿ ಹಿಡಿಯುವುದನ್ನು ಕಲಿಸುತ್ತಾನೆ, ಯುದ್ಧದ ತಂತ್ರ ಹೇಳಿಕೊಡುತ್ತಾನೆ, ರಾತ್ರಿ ಕೂತು ಅವಳ ಮಾತು ಕೇಳುತ್ತಾನೆ. ಹೆತ್ತವರನ್ನು ಕೊಂದವನನ್ನು ಅವಳು ಪ್ರೀತಿಸುತ್ತಾಳೆ. ಪ್ರೀತಿಸುವುದಕ್ಕಾಗಿ ತನ್ನನ್ನು ತಾನು ದ್ವೇಷಿಸುತ್ತಾಳೆ. ಮೊದಲ ಸಂಪುಟದ ಕೊನೆಯಲ್ಲಿ ತಂದೆ ಮಗಳು ಎದುರು ಬದುರು ನಿಲ್ಲುವ ಸನ್ನಿವೇಶವಿದೆ. ಅವಳು ಎರಡು ಬಟ್ಟಲಿಗೂ ವಿಷ ಹಾಕಿ, ಒಂದನ್ನು ಅವನಿಗೆ ಕೊಟ್ಟು ಇನ್ನೊಂದನ್ನು ತಾನೇ ಕುಡಿಯುತ್ತಾಳೆ. ತಿಂಗಳುಗಟ್ಟಲೆ ಗುಟುಕು ಗುಟುಕಾಗಿ ವಿಷ ಕುಡಿದು ಮೈಗೆ ರೂಢಿಸಿಕೊಂಡವಳಿಗೆ ಅದು ತಗಲುವುದಿಲ್ಲ, ಅವನು ಕುಸಿಯುತ್ತಾನೆ. ಅವನು ಕಲಿಸಿದ ವಿದ್ಯೆಯಿಂದಲೇ ಅವನನ್ನು ಗೆದ್ದಳು.

ಕ್ರೂರಿಯಾದ ಹಿರಿಯರ ಮನೆಯಲ್ಲಿ ಬೆಳೆದು, ಅವರ ಅನ್ನ ಉಂಡು, ಅವರನ್ನು ಪೂರ್ತಿ ಪ್ರೀತಿಸಲೂ ಆಗದೆ ಪೂರ್ತಿ ಬಿಡಲೂ ಆಗದೆ ಒದ್ದಾಡುವ ಹೆಣ್ಣುಮಕ್ಕಳನ್ನು ಮೂವತ್ತು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ನಾನು ಸಾಕಷ್ಟು ಕಂಡಿದ್ದೇನೆ. ಅಂಥವರ ಮನಸ್ಸನ್ನು ಈ ಲೇಖಕಿ ಬಲ್ಲಳು. ತಂದೆ ಕೆಟ್ಟವನು, ಆದ್ದರಿಂದ ಮಗಳು ಅವನನ್ನು ಬಿಟ್ಟುಬಿಡಲಿ ಎಂದು ತೀರ್ಪು ಕೊಡುವ ಅವಸರ ಅವಳಿಗಿಲ್ಲ. ಈ ಸಂಯಮ ದೊಡ್ಡವರ ಕಾದಂಬರಿಗಳಲ್ಲೂ ಅಪರೂಪ.

ಇನ್ನು ಅವಳಿ ಸೋದರಿ ಟ್ಯಾರಿನ್. ಓದುವ ಹುಡುಗಿಯರಿಗೆಲ್ಲ ಅವಳನ್ನು ಕಂಡರೆ ಸಿಟ್ಟು. ನನ್ನ ಅಕ್ಕನ ಮಗಳಂತೂ "ಅವಳ ಹೆಸರೆತ್ತಬೇಡಿ ಚಿಕ್ಕಮ್ಮ" ಎಂದುಬಿಟ್ಟಳು. ಜೂಡ್ ಕತ್ತಿ ಹಿಡಿದರೆ ಟ್ಯಾರಿನ್ ತಗ್ಗಿ ನಡೆಯುತ್ತಾಳೆ. ಪರಲೋಕದಲ್ಲಿ ಬದುಕಬೇಕಾದರೆ ಅಲ್ಲಿಯವನೊಬ್ಬನನ್ನು ಮದುವೆಯಾಗಿ ಅವರಲ್ಲೊಬ್ಬಳಾಗಿಬಿಡಬೇಕು ಎಂಬುದು ಅವಳ ಲೆಕ್ಕ. ಲಾಕ್ ಎಂಬವನು ಅವಳನ್ನು ಮದುವೆಯಾಗುವ ಮಾತು ಕೊಟ್ಟು, ಅವಳ ಸಹನೆಯನ್ನು ಪರೀಕ್ಷಿಸಲು ಅದೇ ವೇಳೆಗೆ ಜೂಡಳ ಜೊತೆಗೂ ಪ್ರೇಮದ ಆಟವಾಡುತ್ತಾನೆ. ಟ್ಯಾರಿನ್ ತುಟಿ ಬಿಚ್ಚುವುದಿಲ್ಲ. ಬಿಚ್ಚಿದರೆ ಪರೀಕ್ಷೆಯಲ್ಲಿ ಸೋತಂತೆ! ಸುದ್ದಿ ತಿಳಿದಾಗ ಅಕ್ಕತಂಗಿಯರು ಕತ್ತಿ ಹಿರಿದು ಹೋರಾಡುತ್ತಾರೆ.

ಗೆಳತಿಯರೇ, ಸ್ವಲ್ಪ ಯೋಚಿಸಿ. ಟ್ಯಾರಿನ್ ಮಾಡಿದ್ದೇನು? ಹೊಸ ಮನೆಗೆ ಹೋಗುವ ಹುಡುಗಿಗೆ ನಮ್ಮಲ್ಲಿ ತಲೆತಲಾಂತರದಿಂದ ಹೇಳಿಕೊಟ್ಟದ್ದನ್ನೇ ಅಲ್ಲವೆ? ಹೊಂದಿಕೊಂಡು ಹೋಗು, ಎದುರಾಡಬೇಡ, ನೋಡಿದರೂ ನೋಡದ ಹಾಗಿರು, ಒಂದು ದಿನ ಮನೆ ನಿನ್ನದಾಗುತ್ತದೆ. ನಮ್ಮಲ್ಲಿ ಬಹಳ ಮಂದಿ ಜೂಡ್‌ಗಳಲ್ಲ, ಟ್ಯಾರಿನ್‌ಗಳು. ಕತ್ತಿ ಹಿಡಿದವಳನ್ನು ಧೀರೆ ಎನ್ನುವುದು ಸುಲಭ. ಸಹಿಸಿದವಳಿಗೂ ಒಂದು ಲೆಕ್ಕಾಚಾರವಿತ್ತು, ಅವಳೂ ಬದುಕಲಿಕ್ಕೇ ಹಾಗೆ ಮಾಡಿದಳು ಎಂದು ಗುರುತಿಸುವುದು ಕಷ್ಟ. ಮೊದಲ ಎರಡು ಸಂಪುಟಗಳಲ್ಲಿ ಲೇಖಕಿಯೂ ಟ್ಯಾರಿನ್‌ಳನ್ನು ಹೊರಗಿನಿಂದಲೇ, ಜೂಡಳ ಸಿಟ್ಟಿನ ಕಣ್ಣಿನಿಂದಲೇ ತೋರಿಸುತ್ತಾಳೆ. ಮೂರನೆಯದರಲ್ಲಿ ಆ ಗರ್ಭಿಣಿ ಹುಡುಗಿ ಗಂಡನನ್ನು ಕೊಂದು ತಂಗಿಯ ಬಾಗಿಲಿಗೆ ಬರುತ್ತಾಳೆ. ಅವಳ ಬದಲು ಜೂಡ್ ಅವಳ ವೇಷದಲ್ಲಿ ವಿಚಾರಣೆಗೆ ಹೋಗಿ ನಿಲ್ಲುತ್ತಾಳೆ. ಎರಡು ಜಡೆ ಒಂದಾಗುವುದಿಲ್ಲ ಎಂಬ ಗಾದೆಯನ್ನು ಆ ಒಂದು ಅಧ್ಯಾಯ ಮುರಿದುಹಾಕುತ್ತದೆ. ಆದರೂ ಟ್ಯಾರಿನ್ ಆ ಮನೆಯಲ್ಲಿ ದಿನಗಳನ್ನು ಹೇಗೆ ಕಳೆದಳು, ಯಾವ ಮಾತಿಗೆ ಅವಳ ಸಹನೆಯ ಕಟ್ಟೆ ಒಡೆಯಿತು ಎಂಬುದನ್ನು ಅವಳ ಬಾಯಿಂದಲೇ ಇನ್ನಷ್ಟು ಕೇಳಬೇಕಿತ್ತು. ಮೂರು ಸಂಪುಟಗಳ ದೊಡ್ಡ ಕೊರತೆ ಇದೇ ಎಂದು ನನ್ನ ಭಾವನೆ.

ಈಗ ಕಾರ್ಡನ್‌ನ ವಿಷಯ. ಹುಡುಗಿಯರ ದಿಂಬಿನಡಿ ಈ ಪುಸ್ತಕಗಳು ಇರುವುದೇ ಇವನಿಗಾಗಿ. ಮೊದಲ ಸಂಪುಟದಲ್ಲಿ ಇವನು ತನಗೆ ತಲೆಬಾಗಲಿಲ್ಲವೆಂದು ಒಬ್ಬ ಹುಡುಗನ ರೆಕ್ಕೆ ಹರಿಯುತ್ತಾನೆ. ಜೂಡಳ ಊಟಕ್ಕೆ ಮಣ್ಣೆರಚುತ್ತಾನೆ. ಆಮೇಲೆ ಅವಳಿಗೆ ಒಂದು ಕಾಗದ ಸಿಗುತ್ತದೆ. ಅದರ ತುಂಬ ಅವನ ಕೈಬರಹದಲ್ಲಿ ಅವಳದೇ ಹೆಸರು, ಮತ್ತೆ ಮತ್ತೆ, ನಿಬ್ಬು ಒತ್ತಿ ಬರೆದದ್ದು. ಮನಸ್ಸಿನಿಂದ ತೆಗೆದುಹಾಕಲಾಗದ್ದಕ್ಕೇ ಅವಳ ಮೇಲೆ ಅಷ್ಟು ದ್ವೇಷವಂತೆ. ಅವನೂ ಅಣ್ಣನ ಮನೆಯಲ್ಲಿ ಹೊಡೆಸಿಕೊಂಡು ಬೆಳೆದವನು ಎಂದೂ ತಿಳಿಯುತ್ತದೆ. ಅಲ್ಲಿಂದ ಮುಂದೆ ಓದುಗರ ಮನಸ್ಸು ಅವನ ಕಡೆ ವಾಲುತ್ತದೆ.

"ಚಿಕ್ಕಮ್ಮ, ಅವನು ಆಮೇಲೆ ಎಷ್ಟು ಬದಲಾಗ್ತಾನೆ ನೋಡಿ" ಎಂದಳು ಅಕ್ಕನ ಮಗಳು.

"ಬದಲಾದದ್ದು ಅವನೋ, ಅವನ ಬಗ್ಗೆ ನಮಗೆ ಗೊತ್ತಿರುವುದೋ?" ಎಂದೆ.

ಅವಳು ಸುಮ್ಮನಾದಳು. ನಾನು ಸುಮ್ಮನಾಗಲಾರೆ, ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದು, ದಿನಾ ಒಬ್ಬ ಹುಡುಗ ತನ್ನ ಸೈಕಲ್ಲಿಗೆ ಕಲ್ಲು ಹೊಡೆಯುತ್ತಾನೆ ಎಂದು ದೂರಿದಳು. "ಅವನಿಗೆ ನೀನಂದ್ರೆ ಇಷ್ಟ ಇರಬೇಕು ಕಣೇ" ಎಂದು ಒಬ್ಬರು ನಕ್ಕರು, ಉಳಿದವರೂ ನಕ್ಕರು. ಮರುದಿನದಿಂದ ಹುಡುಗಿ ಊರು ಬಳಸಿಕೊಂಡು ಶಾಲೆಗೆ ಬರತೊಡಗಿದಳು. ನಾನು ಆ ಹುಡುಗನ ತಂದೆಯನ್ನು ಕರೆಸಿದೆ, ಕಲ್ಲು ನಿಂತಿತು. ಆದರೆ ಆ ನಗು ಅವಳ ಕಿವಿಯಲ್ಲಿ ನಿಂತಿತೋ ಇಲ್ಲವೋ ಹೇಳಲಾರೆ. ಪೀಡನೆ ಪ್ರೀತಿಯ ಇನ್ನೊಂದು ರೂಪ ಎಂಬ ಮಾತು ಕತೆಯಲ್ಲಿ ಎಷ್ಟೇ ಚೆಂದವಾಗಿ ಬಂದರೂ, ಅದನ್ನು ನಂಬಿ ನಷ್ಟಪಟ್ಟವರು ಕತೆಯ ಹೊರಗಿದ್ದಾರೆ.

ಲೇಖಕಿಗೆ ನ್ಯಾಯ ಸಲ್ಲಿಸಬೇಕಾದ ಮಾತೂ ಒಂದಿದೆ. ಅವಳು ಕಾರ್ಡನ್‌ನನ್ನು ಸುಮ್ಮನೆ ಕ್ಷಮಿಸುವುದಿಲ್ಲ. ಜೂಡ್ ಅವನಿಂದ ಒಂದು ವರ್ಷ ಒಂದು ದಿನ ತನ್ನ ಆಜ್ಞೆಯಂತೆ ನಡೆಯುವ ಪ್ರಮಾಣ ಪಡೆದು, ಉಪಾಯದಿಂದ ಅವನಿಗೇ ಕಿರೀಟ ತೊಡಿಸಿಬಿಡುತ್ತಾಳೆ. ಎರಡನೆಯ ಸಂಪುಟದಲ್ಲಿ ಅವನು ಹೆಸರಿಗೆ ರಾಜ, ಆಳುವವಳು ಇವಳು. ಗಂಡು ಆಳು, ಹೆಣ್ಣು ಒಡತಿ. ಇಲ್ಲಿ ಅವರಿಬ್ಬರೂ ಹತ್ತಿರವಾಗುತ್ತಾರೆ. ಆಗ ಓದುಗರಲ್ಲೊಂದು ಮುಜುಗರದ ಪ್ರಶ್ನೆ ಏಳುತ್ತದೆ: ಹೇಳಿದಂತೆ ಕೇಳಲೇಬೇಕಾದವನ ಪ್ರೀತಿಗೆ ಬೆಲೆಯೆಷ್ಟು? ನೂರಾರು ವರ್ಷಗಳಿಂದ ಹೆಂಡತಿಯರ ವಿಷಯದಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಲೇಖಕಿ ಗಂಡಿನ ವಿಷಯದಲ್ಲಿ ಕೇಳುವಂತೆ ಮಾಡುತ್ತಾಳೆ. ಇದು ಜಾಣತನ, ಬರಿಯ ಜಾಣತನಕ್ಕಿಂತ ಹೆಚ್ಚಿನದು. ಆ ಸಂಪುಟದ ಕೊನೆಗೆ ಕಾರ್ಡನ್ ಅವಳನ್ನು ಮದುವೆಯಾಗಿ, ಪ್ರಮಾಣದಿಂದ ಬಿಡುಗಡೆ ಪಡೆದು, ಅವಳನ್ನೇ ಗಡೀಪಾರು ಮಾಡುತ್ತಾನೆ. ಕಿರೀಟ ಕ್ಷಮಿಸುವವರೆಗೆ ಮರಳಕೂಡದು ಎಂಬ ಷರತ್ತು. ಕಿರೀಟವೆಂದರೆ ರಾಣಿಯಾದ ತಾನೂ ಹೌದು, ತನ್ನನ್ನು ತಾನೇ ಕ್ಷಮಿಸಿಕೊಂಡು ಬರಬಹುದಿತ್ತು ಎಂಬುದು ಅಷ್ಟು ಜಾಣೆಗೂ ಹೊಳೆಯುವುದಿಲ್ಲ. ತನಗೆ ಅಧಿಕಾರವಿದೆ ಎಂಬುದೇ ಹೊಳೆಯದಿರುವುದು! ಹೆಂಗಸರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಕ್ತಾಯವನ್ನು ಅರ್ಥಮಾಡಿಕೊಳ್ಳಲು ಒಂದು ಹಳೆಯ ಲಾವಣಿಯನ್ನು ನೆನೆಯಬೇಕು. ಸ್ಕಾಟ್ಲೆಂಡಿನ 'ಟ್ಯಾಮ್ ಲಿನ್' ಕತೆಯ ಪ್ರಸ್ತಾಪ 1549ರ ಒಂದು ಗ್ರಂಥದಲ್ಲೇ ಇದೆ. ಕಿನ್ನರರಾಣಿಯ ಸೆರೆಯಲ್ಲಿರುವ ಟ್ಯಾಮ್ ಲಿನ್‌ನನ್ನು ಅವನ ಪ್ರೇಯಸಿ ಜಾನೆಟ್ ಬಿಡಿಸಬೇಕು. ನಡುರಾತ್ರಿ ಕಿನ್ನರರ ಮೆರವಣಿಗೆಯಲ್ಲಿ ಅವನನ್ನು ಕುದುರೆಯಿಂದ ಎಳೆದು ಅಪ್ಪಿ ಹಿಡಿಯಬೇಕು. ಅವನು ಹಾವಾಗುತ್ತಾನೆ, ಮೃಗವಾಗುತ್ತಾನೆ, ಕಾದ ಕಬ್ಬಿಣವಾಗುತ್ತಾನೆ. ಏನಾದರೂ ಕೈ ಬಿಡಬಾರದು. ಗರ್ಭಿಣಿಯಾದ ಜಾನೆಟ್ ಬಿಡುವುದಿಲ್ಲ. ಕೊನೆಗೆ ಅವನು ಮನುಷ್ಯನಾಗಿ ಅವಳ ಕೈಯಲ್ಲಿ ಉಳಿಯುತ್ತಾನೆ. ಗಂಡನ್ನು ಹೆಣ್ಣು ರಕ್ಷಿಸುವ ಕತೆ, ಆದರೆ ತಾಳ್ಮೆಯಿಂದ, ಹಿಡಿದುಕೊಳ್ಳುವುದರಿಂದ.

ಬ್ಲ್ಯಾಕ್ ಈ ಕತೆಯನ್ನು ತಲೆಕೆಳಗು ಮಾಡಿದ್ದಾಳೆ ಎಂದು ನಾನು ಓದಿಕೊಂಡೆ. ಶಾಪದಿಂದ ಕಾರ್ಡನ್ ದೊಡ್ಡ ಸರ್ಪವಾಗುತ್ತಾನೆ. ಜೂಡಳ ಕೈಗೆ ಒಂದು ಮಂತ್ರದ ಕಡಿವಾಣ ಬರುತ್ತದೆ. ತೊಡಿಸಿದರೆ ಸರ್ಪ ಎಂದೆಂದಿಗೂ ಅವಳ ಅಧೀನ. ಅಧಿಕಾರವನ್ನೇ ಬಯಸಿ ಬೆಳೆದ ಹುಡುಗಿಗೆ ಇದಕ್ಕಿಂತ ಏನು ಬೇಕು? ಅವಳು ಕಡಿವಾಣವನ್ನು ಬಿಟ್ಟು ಕತ್ತಿಯಿಂದ ಸರ್ಪದ ತಲೆ ಕಡಿಯುತ್ತಾಳೆ. ಜಾನೆಟ್ ಹಿಡಿದುಕೊಂಡು ಪಡೆದದ್ದನ್ನು ಜೂಡ್ ಬಿಟ್ಟುಕೊಟ್ಟು ಪಡೆಯುತ್ತಾಳೆ. ಒಬ್ಬನನ್ನು ಆಳುವುದೂ ಪ್ರೀತಿಸುವುದೂ ಒಂದೇ ಅಲ್ಲ ಎಂಬ ಅರಿವು ಇಲ್ಲಿ ಮಾತಿನಲ್ಲಲ್ಲ, ಕೃತಿಯಲ್ಲಿ ಬಂದಿದೆ. ನನಗೆ ಮೂರೂ ಸಂಪುಟಗಳಲ್ಲಿ ಅತ್ಯಂತ ಇಷ್ಟವಾದ ಘಟ್ಟ ಇದು.

ಕೂಡಲೇ ಕಾರ್ಡನ್ ಸರ್ಪದ ಮೈಯೊಳಗಿಂದ ಎದ್ದು ಬರುತ್ತಾನೆ, ಎಲ್ಲವೂ ಸರಿಹೋಗುತ್ತದೆ. ಇಲ್ಲಿ ನನ್ನ ತಕರಾರಿದೆ. ಕಿನ್ನರಲೋಕದಲ್ಲಿ ಯಾವುದೂ ಪುಕ್ಕಟೆಯಾಗಿ ಸಿಗುವುದಿಲ್ಲ ಎಂದು ಮೊದಲ ಪುಟದಿಂದ ಹೆದರಿಸಿದವಳು ಕೊನೆಗೆ ನಾಯಕಿಗೆ ಸಿಂಹಾಸನ, ಗಂಡ, ಸೋದರಿ ಎಲ್ಲವನ್ನೂ ಕೊಟ್ಟು, ಮ್ಯಾಡಕನನ್ನೂ ಮನುಷ್ಯಲೋಕಕ್ಕೆ ಗಡೀಪಾರು ಮಾಡುವುದರಲ್ಲೇ ಮುಗಿಸುತ್ತಾಳೆ. ಬೆಲೆ ತೆತ್ತವರು ಯಾರು? ನನಗೆ ನೆನಪಾಗುವುದು ಸೋಫಿ. ಮಂತ್ರಕ್ಕೆ ಸಿಕ್ಕಿ ತಾನು ಯಾರೆಂಬುದನ್ನೂ ಮರೆತು, ರಾಜಕುಮಾರನ ಮನೆಯಲ್ಲಿ ಚಾಕರಿ ಮಾಡುತ್ತಿದ್ದ ಮನುಷ್ಯ ಹುಡುಗಿ. ಜೂಡ್ ಅವಳನ್ನು ಬಿಡಿಸಿ ತರುತ್ತಾಳೆ. ಎಚ್ಚರವಾದ ಸೋಫಿ ತಾನು ಕಂಡದ್ದನ್ನು ತಾಳಲಾರದೆ ಜೇಬಿಗೆ ಕಲ್ಲು ತುಂಬಿಕೊಂಡು ಸಮುದ್ರಕ್ಕೆ ಹಾರುತ್ತಾಳೆ. ಅವಳ ಕತೆ ಕೆಲವೇ ಪುಟ. ಕಾದಂಬರಿ ಸಿಂಹಾಸನದ ಕಡೆಗೆ ಓಡುತ್ತದೆ. ಹೆಣ್ಣೊಬ್ಬಳು ರಾಣಿಯಾದಳು ಎಂದು ಸಂತೋಷಪಡುವಾಗ ಅಡಿಗೆಮನೆಯ ಹುಡುಗಿ ಏನಾದಳು ಎಂದು ಕೇಳುವುದು ನಮ್ಮ ಹಕ್ಕು.

ಮಗಳ ಕೈಯಲ್ಲಿ ಇಂಥ ಪುಸ್ತಕ ಕಂಡರೆ ಕಿತ್ತುಕೊಳ್ಳಬೇಕೆ ಎಂದು ನನ್ನನ್ನು ಕೇಳಿದ ತಾಯಂದಿರಿದ್ದಾರೆ. ಬೇಡ. ಹುಡುಗಿಯರಿಗೆ ಅಧಿಕಾರದ ಕನಸು ಬೇಕು. ತಗ್ಗಿ ನಡೆಯುವುದನ್ನು ಕಲಿಸಲು ಬೇರೆ ಬಹಳ ಜನರಿದ್ದಾರೆ. ಬೈದು ತೆಗೆದಿಟ್ಟರೆ ಕಾರ್ಡನ್ ಇನ್ನಷ್ಟು ಚೆಲುವನಾಗುತ್ತಾನೆ, ಅಷ್ಟೆ. ನೀವೂ ಓದಿ. ಓದಲಾಗದಿದ್ದರೆ ರಾತ್ರಿ ಪಾತ್ರೆ ತೊಳೆಯುವಾಗ ಅವಳಿಂದ ಕತೆ ಹೇಳಿಸಿಕೊಳ್ಳಿ. ಟ್ಯಾರಿನ್ ಯಾಕೆ ಹಾಗೆ ಮಾಡಿದಳು ಎಂದು ಕೇಳಿ. ಅವಳನ್ನು ಮಗಳು ಬೈದರೆ ಬೈಯಲಿ. ಆಮೇಲೆ, ನಿಮಗೆ ಧೈರ್ಯ ಬಂದರೆ, ನಿಮ್ಮ ಮದುವೆಯಾದ ಹೊಸತರ ಒಂದೆರಡು ನಿಜವನ್ನು ಅವಳಿಗೆ ಹೇಳಿ. ಅರ್ಧ ನುಂಗದೆ, ಪೂರ್ತಿ ಹೇಳಿ.